ಕೂಲಂಟ್ ಎಲ್ಲಿ ಬೇಕು, ಎಲ್ಲಿ ಬೇಡ: ಭೋಸರಿಯ ಸಣ್ಣ ವರ್ಕ್‌ಶಾಪ್‌ಗಳಿಗೆ ಒಂದು ಹೋಲಿಕೆ

ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ ವಾರದ ರಜೆ ಗುರುವಾರ. ಶುಕ್ರವಾರ ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯ ವಾಸನೆ ಇಲ್ಲಿ ದುಡಿದ ಯಾರಿಗೂ ಹೊಸದಲ್ಲ. ಒಂದು ದಿನ ಕೂಲಂಟ್ (ಲೋಹ ಕತ್ತರಿಸುವಾಗ ಸುರಿಯುವ, ಎಣ್ಣೆ ಬೆರೆಸಿದ ನೀರು) ಪಂಪ್ ನಿಂತಿರುತ್ತದೆ, ಟ್ಯಾಂಕಿನ ಮೇಲೆ ಮಷಿನ್ನಿನ ಜಾರು ಭಾಗಗಳಿಂದ ಇಳಿದ ಸ್ಲೈಡ್‌ವೇ ಎಣ್ಣೆ ಕೆನೆಗಟ್ಟಿರುತ್ತದೆ, ಅದರಡಿ ಗಾಳಿಯಿಲ್ಲದ ಜಾಗದಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಆ ವಾಸನೆಯ ದಿನವೇ ನನಗೆ ಫೋನ್ ಕರೆಗಳು ಹೆಚ್ಚು. ಬೆಳಗಾವಿ, ಇಂಡಿ, ಅಫಜಲಪುರದ ಕಡೆಯಿಂದ ಬಂದು ಇಲ್ಲಿ ಎರಡು ಮೂರು ಮಷಿನ್ ಹಾಕಿಕೊಂಡಿರುವ ನಮ್ಮವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಕಾಕಾ, ಈ ಕೂಲಂಟ್ ಕಾಟ ಸಾಕಾಗಿದೆ. ಡ್ರೈ ಮಾಡಿಬಿಡಲೇ, ಎಂಕ್ಯೂಎಲ್ ಹಾಕಿಸಲೇ, ಇಲ್ಲಾ ಇದನ್ನೇ ಸುಧಾರಿಸಿಕೊಂಡು ಹೋಗಲೇ?"

ಡ್ರೈ ಎಂದರೆ ಕೂಲಂಟ್ ಇಲ್ಲದೆ ಕತ್ತರಿಸುವುದು, ಎಂಕ್ಯೂಎಲ್ ಎಂದರೆ ಗಾಳಿಯಲ್ಲಿ ಚೂರೇ ಚೂರು ಎಣ್ಣೆ ಬೆರೆಸಿ ಊದುವುದು. ಉತ್ತರ ಫೋನಿನಲ್ಲಿ ಮುಗಿಯುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಇಡೀ ವರ್ಕ್‌ಶಾಪಿಗೆ ಒಂದೇ ಸಲ ತೀರ್ಮಾನಿಸುವ ವಿಷಯವಲ್ಲ, ಜಾಬಿನಿಂದ ಜಾಬಿಗೆ, ಅಂದರೆ ಮಷಿನ್ನಿಗೆ ಹಾಕುವ ಬಿಡಿಭಾಗದಿಂದ ಬಿಡಿಭಾಗಕ್ಕೆ ಬೇರೆಯಾಗುತ್ತದೆ. ಹೊಸ ಉಪಕರಣಕ್ಕೆ ದುಡ್ಡು ಹಾಕುವ ಮೊದಲು, ಆ ಒಂದು ಜಾಬಿನಲ್ಲಿ ಕೂಲಂಟ್ ನಿಮಗಾಗಿ ಏನು ಮಾಡುತ್ತಿದೆ ಎಂಬುದು ತಿಳಿದಿರಬೇಕು.

ನನಗೆ ಇದು ಬರೀ ಖರ್ಚಿನ ಲೆಕ್ಕವೂ ಅಲ್ಲ. ಇಲ್ಲಿಯ ಗಟಾರಗಳ ನೀರು ಕೊನೆಗೆ ಪವನಾ, ಇಂದ್ರಾಯಣಿ ನದಿಗಳ ಪಾಲು. ಇಂದ್ರಾಯಣಿ ತುಳಾಪುರದ ಬಳಿ ಭೀಮಾ ನದಿಯನ್ನು ಸೇರುತ್ತದೆ. ಪವನಾ ನೀರು ಮುಳಾ, ಮುಳಾ–ಮುಠಾ ಮೂಲಕ ಅದೇ ಭೀಮೆಗೆ ಹೋಗುತ್ತದೆ. ಉಜನಿ ಅಣೆಕಟ್ಟು, ಪಂಢರಪುರ ದಾಟಿದ ಮೇಲೆ ಆ ನದಿ ಹರಿಯುವುದು ವಿಜಯಪುರ, ಕಲಬುರಗಿ ಜಿಲ್ಲೆಗಳ ಅಂಚಿನಲ್ಲಿ ಮತ್ತು ಒಡಲಿನಲ್ಲಿ. ಇಲ್ಲಿ ರಾತ್ರಿ ಯಾರೋ ಗಟಾರಕ್ಕೆ ಸುರಿದ ಹಳೆಯ ಕೂಲಂಟ್ ಹೋಗುವ ದಿಕ್ಕು ನಮ್ಮ ಊರುಗಳ ದಿಕ್ಕೇ.

ಮೊದಲು ಅಳತೆಗೋಲು

ಕೂಲಂಟ್ ಮಾಡುವ ಕೆಲಸ ಮೂರು. ಶಾಖ ಒಯ್ಯುವುದು, ಟೂಲು ಮತ್ತು ಲೋಹದ ನಡುವೆ ಜಾರಿಕೆ ಕೊಡುವುದು, ಚಿಪ್ಸ್ (ಕತ್ತರಿಸಿದಾಗ ಬರುವ ಲೋಹದ ಚೂರು) ತೊಳೆದು ದೂರ ತಳ್ಳುವುದು. ಫ್ರೆಡೆರಿಕ್ ಟೇಲರ್ ಎಂಬ ಅಮೆರಿಕದ ಎಂಜಿನಿಯರ್ 1880ರ ದಶಕದಲ್ಲೇ ಕತ್ತರಿಸುವ ಜಾಗಕ್ಕೆ ಧಾರಾಳವಾಗಿ ನೀರು ಬಿಟ್ಟು ವೇಗವನ್ನು 30ರಿಂದ 40 ಶೇಕಡದಷ್ಟು ಏರಿಸಬಹುದೆಂದು ತೋರಿಸಿದ್ದ. ಅಂದಿನಿಂದ "ಹೆಚ್ಚು ನೀರು, ಹೆಚ್ಚು ವೇಗ" ಎಂಬುದು ನಮ್ಮ ಕಸುಬಿನಲ್ಲಿ ಬೇರೂರಿತು. ಆದರೆ ಆತ ಪರೀಕ್ಷಿಸಿದ್ದು ಆ ಕಾಲದ ಉಕ್ಕಿನ ಟೂಲುಗಳನ್ನು. ಇಂದಿನ ಕೋಟಿಂಗ್ ಇರುವ ಕಾರ್ಬೈಡ್ ಇನ್ಸರ್ಟ್ (ಟೂಲಿನ ತುದಿಗೆ ಕೂರಿಸಿ ಬದಲಿಸುವ ಕತ್ತರಿಸುವ ಬಿಲ್ಲೆ) ಆ ಟೂಲುಗಳು ಮೆತ್ತಗಾಗುತ್ತಿದ್ದ ಬಿಸಿಯಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಹಾಗಾಗಿ ಹಳೆಯ ನಿಯಮವನ್ನು ಎಲ್ಲ ಜಾಬಿಗೂ ಹಚ್ಚಬೇಕಿಲ್ಲ.

ಪ್ರತಿ ಜಾಬಿಗೂ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು: ಈ ಮೂರರಲ್ಲಿ ಯಾವುದು ಇಲ್ಲದಿದ್ದರೆ ಜಾಬ್ ಕೆಡುತ್ತದೆ? ಬೀಡಿನ (ಕಾಸ್ಟ್ ಐರನ್) ಫೇಸ್ ಮಿಲ್ಲಿಂಗಿನಲ್ಲಿ, ಅಂದರೆ ತಿರುಗುವ ಹಲ್ಲುಗಳಿಂದ ಮೇಲ್ಮೈ ಸಮತಟ್ಟು ಮಾಡುವಾಗ, ಮೂರೂ ಅಷ್ಟಾಗಿ ಬೇಕಿಲ್ಲ. ಅಲ್ಯೂಮಿನಿಯಂ ಟ್ಯಾಪಿಂಗಿನಲ್ಲಿ (ತೂತಿನೊಳಗೆ ಥ್ರೆಡ್ ಕೊರೆಯುವುದು) ಜಾರಿಕೆಯೇ ಪ್ರಾಣ. ಆಳದ ತೂತಿನಲ್ಲಿ ಚಿಪ್ಸ್ ಹೊರಗೆ ಬಾರದಿದ್ದರೆ ಡ್ರಿಲ್ ಮುರಿಯುವುದು ಖಂಡಿತ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಶಾಖ ಹೊರಗೆ ಹೋಗಲು ದಾರಿ ಬೇಕು.

ಎರಡನೆಯದು ಟಾಲರೆನ್ಸ್, ಅಂದರೆ ಅಳತೆಯಲ್ಲಿ ಒಪ್ಪುವ ವ್ಯತ್ಯಾಸ. ಇದನ್ನು ಮರೆತು ಡ್ರೈಗೆ ಹಾರಿದವರು ಕೈ ಸುಟ್ಟುಕೊಂಡದ್ದನ್ನು ನೋಡಿದ್ದೇನೆ. ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಮೀಟರಿಗೆ ಸುಮಾರು 11.5 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಹಿಗ್ಗುತ್ತದೆ. 100 ಮಿಲಿಮೀಟರ್ ಬೋರ್ (ದುಂಡು ತೂತು) ಇರುವ ಜಾಬ್ ಕೋಣೆಯ ಶಾಖಕ್ಕಿಂತ 30 ಡಿಗ್ರಿ ಬಿಸಿಯಾಗಿದ್ದಾಗ ಅಳತೆ ಸರಿಯಿದೆ ಎಂದುಕೊಳ್ಳಿ. ತಣ್ಣಗಾದ ಮೇಲೆ ಅದು ಸುಮಾರು 35 ಮೈಕ್ರಾನ್ ಕುಗ್ಗಿರುತ್ತದೆ. ಆ ವ್ಯಾಸಕ್ಕೆ ಎಚ್7 ಎಂಬ ನಿಖರ ಫಿಟ್ಟಿನ ಪೂರ್ತಿ ಅವಕಾಶವೇ 35 ಮೈಕ್ರಾನ್! ಅಲ್ಯೂಮಿನಿಯಂ ಆದರೆ ಹಿಗ್ಗು ಇದರ ಇಮ್ಮಡಿ. ಆದ್ದರಿಂದ ರಫಿಂಗಿಗೆ (ಮೊದಲ ಒರಟು ಕತ್ತರಿಕೆಗೆ) ಒಂದು ದಾರಿ, ಫಿನಿಷಿಂಗಿಗೆ (ಕೊನೆಯ ನಯ ಕತ್ತರಿಕೆಗೆ) ಇನ್ನೊಂದು ದಾರಿ ಎಂದು ಯೋಚಿಸುವುದು ತಪ್ಪಲ್ಲ.

ಮೂರನೆಯದು ಮಷಿನ್. ಬೆಡ್ ಇಳಿಜಾರಾಗಿದ್ದು ಚಿಪ್ಸ್ ತಾವೇ ಕೆಳಗೆ ಬೀಳುತ್ತವೆಯೇ? ಬಾಗಿಲು ಪೂರ್ತಿ ಮುಚ್ಚುತ್ತದೆಯೇ? ಟೂಲಿನೊಳಗಿಂದ ಗಾಳಿ ಅಥವಾ ಕೂಲಂಟ್ ಹೋಗುವ ವ್ಯವಸ್ಥೆ ಸ್ಪಿಂಡಲಿನಲ್ಲಿದೆಯೇ (ಮಷಿನ್ನಿನ ತಿರುಗುವ ಅಚ್ಚಿನಲ್ಲಿ)?

ನಾಲ್ಕನೆಯದು ದುಡ್ಡು. ಇಲ್ಲಿ ಕೂಲಂಟ್ ಬಿಲ್ಲು ಮಾತ್ರ ನೋಡಿದರೆ ಮೋಸಹೋಗುತ್ತೀರಿ. 1990ರ ದಶಕದಲ್ಲಿ ಜರ್ಮನಿಯ ವಾಹನ ಉದ್ಯಮ ತನ್ನ ಲೆಕ್ಕ ತೆಗೆದಾಗ ಕೂಲಂಟಿನ ಸುತ್ತಲಿನ ಖರ್ಚು ಉತ್ಪಾದನಾ ವೆಚ್ಚದ 7ರಿಂದ 17 ಶೇಕಡ ಎಂದು ಕಂಡಿತು. ಟೂಲಿನ ಖರ್ಚು 2ರಿಂದ 4 ಶೇಕಡ ಮಾತ್ರ. ಅವು ದೊಡ್ಡ ಕಾರ್ಖಾನೆಗಳು, ನೂರಾರು ಮಷಿನ್‌ಗಳಿಗೆ ಒಂದೇ ಕೇಂದ್ರೀಯ ಟ್ಯಾಂಕ್ ಇದ್ದ ಜಾಗಗಳು. ನಮ್ಮ ಸಂಖ್ಯೆ ಬೇರೆ ಬರಬಹುದು. ಆದರೂ ಪಾಠ ನಮಗೂ ಅನ್ವಯಿಸುತ್ತದೆ: ಇನ್ಸರ್ಟಿನ ಬೆಲೆಯಲ್ಲಿ ಎರಡು ರೂಪಾಯಿಗೆ ಚೌಕಾಸಿ ಮಾಡುವ ನಾವು, ಪಂಪಿನ ವಿದ್ಯುತ್ತು, ಟ್ಯಾಂಕ್ ತೊಳೆಯುವ ದಿನದ ಕೂಲಿ, ಚಿಪ್ಸ್ ಜತೆ ಸ್ಕ್ರ್ಯಾಪಿನವನ ಲಾರಿಯಲ್ಲಿ ಹೋಗುವ ಎಣ್ಣೆ, ಹಳೆಯ ಕೂಲಂಟಿನ ವಿಲೇವಾರಿ ಇವನ್ನೆಲ್ಲ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಐದನೆಯದು ಮಷಿನ್ ಎದುರು ನಿಲ್ಲುವವನ ಮೈ. ನಮ್ಮಲ್ಲಿ ಆರು ವರ್ಷ ದುಡಿದ ಆಪರೇಟರ್ ಒಬ್ಬನ ಬೆರಳುಗಳ ಸಂದಿನಲ್ಲಿ ಚರ್ಮ ಸುಲಿದು, ಬಿರುಕುಬಿಟ್ಟು, ಊಟಕ್ಕೆ ಕೂತಾಗ ಖಾರ ತಾಗಿದರೆ ಕೈ ಹಿಂದೆಳೆದುಕೊಳ್ಳುತ್ತಿದ್ದ. ಅವನ ಮಷಿನ್ನಿನ ಕೂಲಂಟ್ ಅಳೆದಾಗ ಎಣ್ಣೆ ಬೇಕಾದ್ದಕ್ಕಿಂತ ಎರಡು ಪಟ್ಟು ಇತ್ತು. ಯಾರೂ ಅಳೆದಿರಲಿಲ್ಲ, ನಾನೂ ಅಳೆದಿರಲಿಲ್ಲ. ಗಾಳಿಯಲ್ಲಿ ತೇಲುವ ಕೂಲಂಟಿನ ಮಂಜು ಇನ್ನೊಂದು ಅಪಾಯ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ 1998ರಲ್ಲಿ ಇದಕ್ಕೆ ಘನ ಮೀಟರಿಗೆ 0.5 ಮಿಲಿಗ್ರಾಂ ಮಿತಿ ಸೂಚಿಸಿತು. ಬಾಗಿಲು ತೆರೆದಾಗ ಬೆಳಕಿನಲ್ಲಿ ಹೊಗೆಯಂತೆ ಕಾಣುವ ಮಂಜು ನಿಮ್ಮಲ್ಲಿದ್ದರೆ ಎಕ್ಸಾಸ್ಟ್ ಬಗ್ಗೆ ಯೋಚಿಸುವ ಕಾಲ ಬಂದಿದೆ ಎಂದೇ ಅರ್ಥ.

ಆರನೆಯದು ವಿಲೇವಾರಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಮತ್ತು ಎಣ್ಣೆ ಬೆರೆತ ಉಳಿಕೆ ಎರಡೂ ಅಪಾಯಕಾರಿ ತ್ಯಾಜ್ಯವೇ. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಅನುಮತಿ ಪಡೆದವರಿಗೇ ಕೊಡಬೇಕು, ದಾಖಲೆ ಇಡಬೇಕು. ಹೊಳೆ, ಗಟಾರಕ್ಕೆ ಬಿಡುವುದನ್ನು 1974ರ ಜಲ ಕಾಯ್ದೆ ನಿಷೇಧಿಸುತ್ತದೆ. ವಿಲೇವಾರಿಗೆ ಹೋಗುವ ಪ್ರತಿ ಲೀಟರಿಗೂ ಬೆಲೆ ಇದೆ. ಆ ಬೆಲೆಯನ್ನು ಈಗ ನೀವು ಕಟ್ಟುತ್ತಿಲ್ಲವಾದರೆ ಬೇರೆ ಯಾರೋ ಕಟ್ಟುತ್ತಿದ್ದಾರೆ.

ಮೊದಲ ದಾರಿ: ಇರುವ ಕೂಲಂಟನ್ನೇ ಸರಿಯಾಗಿ ನೋಡಿಕೊಳ್ಳುವುದು

ಇದನ್ನು ಯಾರೂ ಮಾರಾಟ ಮಾಡುವುದಿಲ್ಲ, ಹಾಗಾಗಿ ಯಾರೂ ಹೇಳುವುದೂ ಇಲ್ಲ. ಹತ್ತು ವರ್ಕ್‌ಶಾಪ್‌ಗಳಲ್ಲಿ ಎಂಟಕ್ಕೆ ಮೊದಲ ಹೆಜ್ಜೆ ಇದೇ ಎಂದು ನಾನು ನಂಬಿದ್ದೇನೆ.

ಬೇಕಾದ್ದು ಕೂಲಂಟಿನಲ್ಲಿ ಎಣ್ಣೆ ಎಷ್ಟಿದೆ ಎಂದು ಅಳೆಯುವ, ಕೆಲವು ಸಾವಿರ ರೂಪಾಯಿಯೊಳಗೆ ಸಿಗುವ ಕೈ ರಿಫ್ರಾಕ್ಟೋಮೀಟರ್. ಗಾಜಿನ ಮೇಲೆ ಎರಡು ಹನಿ ಹಾಕಿ, ಮುಚ್ಚಳ ಮುಚ್ಚಿ, ಬೆಳಕಿಗೆ ಹಿಡಿದು ನೋಡಿದರೆ ನೀಲಿ–ಬಿಳಿ ಗೆರೆ ಒಂದು ಅಂಕಿಯ ಮೇಲೆ ನಿಲ್ಲುತ್ತದೆ. ಆ ಅಂಕಿ ನೇರವಾಗಿ ಶೇಕಡ ಅಲ್ಲ. ಪ್ರತಿ ಎಣ್ಣೆಗೂ ತಯಾರಕರು ಕೊಡುವ ಗುಣಕದಿಂದ ಗುಣಿಸಬೇಕು. ಗೆರೆ 4ರಲ್ಲಿ ನಿಂತು ಗುಣಕ 1.5 ಇದ್ದರೆ ನಿಮ್ಮ ಕೂಲಂಟ್ 6 ಶೇಕಡ. ಗೆರೆ ಮಸುಕಾಗಿ ಹರಡಿಕೊಂಡಿದ್ದರೆ ಹೊರಗಿನ ಎಣ್ಣೆ ಬಹಳ ಸೇರಿದೆ ಎಂದರ್ಥ. ಜತೆಗೆ ಪಿಎಚ್ ಕಾಗದವನ್ನೂ ಇಟ್ಟುಕೊಳ್ಳಿ. 8.5ರಿಂದ 9.5ರ ನಡುವೆ ಇದ್ದರೆ ನೆಮ್ಮದಿ, ಅದಕ್ಕಿಂತ ಇಳಿಯತೊಡಗಿದರೆ ಬ್ಯಾಕ್ಟೀರಿಯಾ ಗೆಲ್ಲುತ್ತಿದೆ.

ಬೆರೆಸುವಾಗ ಮೊದಲು ನೀರು, ಆಮೇಲೆ ಎಣ್ಣೆ. ತಿರುಗಾಮುರುಗಾ ಮಾಡಿದರೆ ಮೊಸರೊಡೆದಂತೆ ಗಟ್ಟಿಗಟ್ಟಿಯಾಗುತ್ತದೆ. ದಿನವೂ ಕಡಿಮೆಯಾಗುವುದರಲ್ಲಿ ಆವಿಯಾಗುವುದು ನೀರು ಮಾತ್ರ. ಚಿಪ್ಸಿಗೆ ಮತ್ತು ಜಾಬಿಗೆ ಅಂಟಿ ಹೋಗುವುದರಲ್ಲಿ ಎಣ್ಣೆಯೂ ಇರುತ್ತದೆ. ಅದಕ್ಕೇ ಬರೀ ನೀರು ಸುರಿದರೆ ತೆಳುವಾಗುತ್ತದೆ, ಪೂರ್ತಿ ಗಟ್ಟಿಯದನ್ನು ಸುರಿದರೆ ದಪ್ಪವಾಗುತ್ತಾ ಹೋಗುತ್ತದೆ. ಟ್ಯಾಂಕ್ 6 ಶೇಕಡ ಇರಬೇಕಾದರೆ ಟಾಪ್‌ಅಪ್‌ಗೆ 2ರಿಂದ 3 ಶೇಕಡದ ಮಿಶ್ರಣ ಬೇರೆ ಡ್ರಮ್ಮಿನಲ್ಲಿ ಸಿದ್ಧವಿರಲಿ. ಬೇಸಿಗೆಯಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬಳಸುವವರು ಇನ್ನೂ ಎಚ್ಚರವಾಗಿರಬೇಕು. ನೀರು ಆವಿಯಾದಂತೆಲ್ಲ ಅದರ ಲವಣ ಟ್ಯಾಂಕಿನಲ್ಲೇ ಉಳಿದು ಕೂಡಿಕೊಳ್ಳುತ್ತದೆ, ಎಣ್ಣೆ ಬೇರ್ಪಡುತ್ತದೆ, ಮಷಿನ್ ಮೇಲೆ ಅಂಟು ಕೂರುತ್ತದೆ.

ಮೇಲಿನ ಕೆನೆಯನ್ನು ತೆಗೆಯಲು ಬೆಲ್ಟ್ ಸ್ಕಿಮ್ಮರ್ ಸಾಕು. ಗುರುವಾರದ ವಾಸನೆಗೆ ನಮ್ಮ ಮದ್ದು ಇನ್ನೂ ಅಗ್ಗ: ಮೀನಿನ ತೊಟ್ಟಿಗೆ ಬಳಸುವ ಸಣ್ಣ ಗಾಳಿ ಪಂಪಿನ ನಳಿಗೆಯನ್ನು ಬುಧವಾರ ರಾತ್ರಿ ಪ್ರತಿ ಟ್ಯಾಂಕಿನೊಳಗೆ ಇಳಿಬಿಡುತ್ತೇವೆ. ಕೆನೆ ತೆಗೆದ ಮೇಲೆ ಇಳಿಬಿಡಬೇಕು, ಇಲ್ಲದಿದ್ದರೆ ಕೆನೆಯೇ ಕಲಸಿಹೋಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಕೊಡುವ ಜೀವಿಗಳಿಗೆ ಗಾಳಿ ಆಗದು.

ಇದರ ಮಿತಿಯೂ ಸ್ಪಷ್ಟ. ಶಿಸ್ತು ಬೇಕು. ಒಬ್ಬ ಆಪರೇಟರಿಗೆ ವಾರಕ್ಕೆರಡು ಸಲ ಅಳೆದು ಬರೆದಿಡುವ ಹೊಣೆ ಕೊಡಬೇಕು. ಅವನು ಬಿಟ್ಟುಹೋದರೆ ಇನ್ನೊಬ್ಬನಿಗೆ ಕಲಿಸಬೇಕು. ಎಷ್ಟು ಚೆನ್ನಾಗಿ ನೋಡಿಕೊಂಡರೂ ವರ್ಷಕ್ಕೊಮ್ಮೆಯೋ ಎರಡು ಸಲವೋ ಟ್ಯಾಂಕ್ ಖಾಲಿ ಮಾಡಲೇಬೇಕು, ವಿಲೇವಾರಿ ತಪ್ಪುವುದಿಲ್ಲ.

ಎರಡನೇ ದಾರಿ: ಡ್ರೈ

ಬೀಡಿನ ಕೆಲಸವೇ ಹೆಚ್ಚಿದ್ದರೆ ನೀವು ಅರ್ಧ ಗೆದ್ದಂತೆ. ಅದರೊಳಗಿನ ಗ್ರಾಫೈಟ್ ತಾನೇ ಜಾರಿಕೆ ಕೊಡುತ್ತದೆ, ಚಿಪ್ಸ್ ಪುಡಿಪುಡಿಯಾಗಿ ಉದುರುತ್ತದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳ ಪಕ್ಕದಲ್ಲಿ ಬೆಳೆದ ನಾವು ಹಳೆಯ ಲೇತ್‌ಗಳಲ್ಲಿ ಬೀಡನ್ನು ಒಣಗಿಯೇ ತಿರುಗಿಸುತ್ತಿದ್ದುದನ್ನು ಕಣ್ಣಾರೆ ಕಂಡವರು. ಇಲ್ಲಿಗೆ ಬಂದು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್) ಮುಂದೆ ನಿಂತ ಕೂಡಲೇ ಅದಕ್ಕೂ ಕೂಲಂಟ್ ಬಿಡುವ ಅಭ್ಯಾಸ ಏಕೆ ಬಂತೋ ತಿಳಿಯದು. ಗಟ್ಟಿಗೊಳಿಸಿದ ಉಕ್ಕನ್ನು ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್ ಎಂಬ ಅತಿ ಗಟ್ಟಿ ವಸ್ತು) ಇನ್ಸರ್ಟಿನಲ್ಲಿ ಟರ್ನಿಂಗ್ ಮಾಡುವುದಕ್ಕೂ ಸಾಮಾನ್ಯವಾಗಿ ಡ್ರೈ ಒಳ್ಳೆಯದು.

ಉಕ್ಕಿನ ಫೇಸ್ ಮಿಲ್ಲಿಂಗಿನಲ್ಲಿ ಕೂಲಂಟ್ ಬಿಡುವುದು ಎಷ್ಟೋ ಸಲ ಟೂಲಿಗೆ ಹಾನಿ. ಹಲ್ಲು ಲೋಹದೊಳಗಿರುವಾಗ ಕಾಯುತ್ತದೆ, ಹೊರಗೆ ಬಂದ ಕ್ಷಣ ತಣ್ಣೀರು ಬೀಳುತ್ತದೆ, ನಿಮಿಷಕ್ಕೆ ನೂರಾರು ಸಲ. ಬಳಸಿ ಬಿಟ್ಟ ಇನ್ಸರ್ಟನ್ನು ಹತ್ತು ಪಟ್ಟು ದೊಡ್ಡದಾಗಿ ತೋರುವ ಮಸೂರದಡಿ ಇಟ್ಟು ನೋಡಿ. ಅಂಚಿಗೆ ಅಡ್ಡಲಾಗಿ, ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ಸಣ್ಣ ಬಿರುಕುಗಳು ಕಂಡರೆ ಅದು ಸವೆತವಲ್ಲ, ಬಿಸಿ–ತಂಪಿನ ಏಟು. ಅಂಥ ಇನ್ಸರ್ಟ್ ಕಂಡ ಜಾಬಿನಲ್ಲಿ ನಾಳೆಯೇ ಕೂಲಂಟ್ ನಿಲ್ಲಿಸಿ, ಗಾಳಿ ಊದಿ ಚಿಪ್ಸ್ ದೂಡಿ ನೋಡಬಹುದು. ಇದಕ್ಕೆ ಖರ್ಚು ಶೂನ್ಯ. ಟೈಟೇನಿಯಂ ಅಲ್ಯೂಮಿನಿಯಂ ನೈಟ್ರೈಡ್ ಕೋಟಿಂಗ್ ಇರುವ ಇನ್ಸರ್ಟ್ ಹುಡುಕಿ. ಹಳದಿ ಬಣ್ಣದ ಟೈಟೇನಿಯಂ ನೈಟ್ರೈಡ್ 600 ಡಿಗ್ರಿಯ ಆಸುಪಾಸಿನಲ್ಲಿ ಕೆಡತೊಡಗಿದರೆ, ಇದು ಸುಮಾರು 800 ಡಿಗ್ರಿಯವರೆಗೆ ತಾಳುತ್ತದೆ. ಕಾದಾಗ ಮೇಲ್ಮೈಯಲ್ಲಿ ಅಲ್ಯೂಮಿನಿಯಂ ಆಕ್ಸೈಡಿನ ಪದರ ಕಟ್ಟಿಕೊಂಡು ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ.

ಡ್ರೈ ಸೋಲುವ ಜಾಗಗಳೂ ಇವೆ. ಅಲ್ಯೂಮಿನಿಯಂ ಟೂಲಿನ ಅಂಚಿಗೆ ಮೆತ್ತಿಕೊಂಡು ಫಿನಿಷ್ ಹಾಳುಮಾಡುತ್ತದೆ. ಡ್ರಿಲ್ಲಿಂಗ್, ಟ್ಯಾಪಿಂಗ್, ರೀಮಿಂಗಿಗೆ ಡ್ರೈ ಬೇಡ. ಗ್ರೈಂಡಿಂಗಿಗಂತೂ ಬೇಡವೇ ಬೇಡ, ಮೇಲ್ಮೈ ಸುಡುತ್ತದೆ. ಬೀಡಿನ ಪುಡಿ ಗಾಳಿಯಲ್ಲಿ ಹಾರಿ ಮೂಗಿನೊಳಗೂ ಸ್ಲೈಡಿನೊಳಗೂ ಸೇರುತ್ತದೆ. ಹಾಗಾಗಿ ಧೂಳೆಳೆಯುವ ವ್ಯವಸ್ಥೆ ಇಲ್ಲದೆ ಡ್ರೈ ಮಾಡುವುದು ಆಪರೇಟರನ ಚರ್ಮ ಉಳಿಸಿ ಶ್ವಾಸಕೋಶ ಕಳೆದಂತೆ. ಇನ್ನೊಂದು ವಿಷಯ ಪುಣೆಯ ಮಳೆಗಾಲದಲ್ಲಿ ತಾನೇ ಗೊತ್ತಾಗುತ್ತದೆ. ಕೂಲಂಟಿನಲ್ಲಿ ತುಕ್ಕು ತಡೆಯುವ ಅಂಶ ಇರುತ್ತದೆ, ಡ್ರೈಯಲ್ಲಿ ಅದು ಇಲ್ಲ. ಜುಲೈಯಲ್ಲಿ ಸಂಜೆ ಮುಗಿಸಿ ಟ್ರೇಯಲ್ಲಿಟ್ಟ ಬೀಡಿನ ಜಾಬ್ ಬೆಳಗಾಗುವುದರೊಳಗೆ ಕೆಂಪಾಗಿರುತ್ತದೆ. ರಸ್ಟ್ ಪ್ರಿವೆಂಟಿವ್ ಎಣ್ಣೆಯ ಖರ್ಚನ್ನೂ ಡ್ರೈಯ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಮೂರನೇ ದಾರಿ: ಎಂಕ್ಯೂಎಲ್

ಮಿನಿಮಮ್ ಕ್ವಾಂಟಿಟಿ ಲೂಬ್ರಿಕೇಶನ್ ಎಂಬುದರ ಚಿಕ್ಕ ರೂಪ ಇದು. ಒತ್ತಡದ ಗಾಳಿಯಲ್ಲಿ ಎಣ್ಣೆಯ ಅತಿ ಸಣ್ಣ ಕಣಗಳನ್ನು ಬೆರೆಸಿ ನೇರವಾಗಿ ಕತ್ತರಿಸುವ ಅಂಚಿಗೆ ಊದುವುದು. ಗಂಟೆಗೆ 10ರಿಂದ 100 ಮಿಲಿಲೀಟರ್ ಒಳಗೇ ಮುಗಿಯುತ್ತದೆ, ಎಷ್ಟೋ ಕಡೆ 50 ದಾಟುವುದಿಲ್ಲ. ಎಣ್ಣೆ ಅಲ್ಲೇ ಬಳಕೆಯಾಗಿ ಹೋಗುವುದರಿಂದ ಟ್ಯಾಂಕ್ ಇಲ್ಲ, ಮರುಬಳಕೆಯಿಲ್ಲ, ಕೊಳೆಯುವುದಕ್ಕೆ ಏನೂ ಇಲ್ಲ. ಚಿಪ್ಸ್ ಹೆಚ್ಚುಕಡಿಮೆ ಒಣಗಿಯೇ ಬರುತ್ತದೆ, ಸ್ಕ್ರ್ಯಾಪಿನವನು "ಒದ್ದೆ ಇದೆ" ಎಂದು ತೂಕ ಕಡಿಯುವಂತಿಲ್ಲ.

ಮಾರಲು ಬಂದವರು "ಫ್ಲಡ್ ನಿಮಿಷಕ್ಕೆ ಹತ್ತಾರು ಲೀಟರ್, ನಮ್ಮದು ಗಂಟೆಗೆ 20 ಮಿಲಿಲೀಟರ್" ಎನ್ನುತ್ತಾರೆ. ಫ್ಲಡ್ ಎಂದರೆ ಧಾರಾಳವಾಗಿ ಕೂಲಂಟ್ ಸುರಿಯುವ ಮಾಮೂಲಿ ರೀತಿ. ಎರಡೂ ನಿಜ, ಆದರೆ ಹೋಲಿಕೆ ಸರಿಯಲ್ಲ. ಫ್ಲಡ್ ಕೂಲಂಟ್ ಸುತ್ತಿ ಸುತ್ತಿ ಅದೇ ಬರುತ್ತದೆ. ಕೂತು ಒಂದು ಉದಾಹರಣೆ ಲೆಕ್ಕ ಮಾಡೋಣ. 200 ಲೀಟರ್ ಟ್ಯಾಂಕ್, 6 ಶೇಕಡ ಅಂದರೆ ಒಂದು ಸಲ ತುಂಬಲು 12 ಲೀಟರ್ ಎಣ್ಣೆ. ವರ್ಷಕ್ಕೆ ನಾಲ್ಕು ಸಲ ಬದಲಿಸಿದರೆ 48 ಲೀಟರ್. ದಿನಕ್ಕೆ 15 ಲೀಟರ್ ಟಾಪ್‌ಅಪ್, 3 ಶೇಕಡದಂತೆ 300 ದಿನಕ್ಕೆ 135 ಲೀಟರ್. ಒಟ್ಟು 183 ಲೀಟರ್ ಎಣ್ಣೆ. ಎಂಕ್ಯೂಎಲ್ ಗಂಟೆಗೆ 20 ಮಿಲಿಲೀಟರಿನಂತೆ ದಿನಕ್ಕೆ 16 ಗಂಟೆ, 300 ದಿನ ಓಡಿದರೆ 96 ಲೀಟರ್. ಎಣ್ಣೆ ಅರ್ಧಕ್ಕೆ ಇಳಿಯಿತು, ಆದರೆ ಎಂಕ್ಯೂಎಲ್ ಎಣ್ಣೆ ಲೀಟರಿಗೆ ದುಬಾರಿ. ಹಾಗಾದರೆ ಲಾಭ ಎಲ್ಲಿ? ಫ್ಲಡ್ ಲೆಕ್ಕದಲ್ಲಿ ವರ್ಷಕ್ಕೆ 5,000 ಲೀಟರಿಗೂ ಹೆಚ್ಚು ನೀರು ಹೋಯಿತು, 800 ಲೀಟರ್ ಹಳೆಯ ಕೂಲಂಟ್ ವಿಲೇವಾರಿಗೆ ಉಳಿಯಿತು. ಎಂಕ್ಯೂಎಲ್‌ನಲ್ಲಿ ಆ ಎರಡೂ ಇಲ್ಲ. ನಿಜವಾದ ಉಳಿತಾಯ ಅಲ್ಲಿರುವುದು. ನಿಮ್ಮ ಸಂಖ್ಯೆಗಳನ್ನು ಹಾಕಿ ಇದೇ ಲೆಕ್ಕ ಮಾಡಿ.

ಆ ಉಳಿತಾಯದಿಂದ ಗಾಳಿಯ ಖರ್ಚನ್ನು ಕಳೆಯಬೇಕು. ಕಂಪ್ರೆಸರ್ ಈಗಾಗಲೇ ಏದುಸಿರು ಬಿಡುತ್ತಿದ್ದರೆ ಎಂಕ್ಯೂಎಲ್ ಸೇರಿಸಿದ ದಿನದಿಂದ ಅದು ನಿಲ್ಲುವುದೇ ಇಲ್ಲ, ವಿದ್ಯುತ್ ಬಿಲ್ಲು ಹೇಳುತ್ತದೆ. ಮಳೆಗಾಲದಲ್ಲಿ ಪೈಪಿನಲ್ಲಿ ನೀರು ಬರುತ್ತದೆ, ಏರ್ ಡ್ರೈಯರ್ ಇಲ್ಲದಿದ್ದರೆ ಹನಿಯ ಜತೆ ನೀರೂ ಅಂಚಿಗೆ ಬೀಳುತ್ತದೆ.

ಎಣ್ಣೆಯ ಆಯ್ಕೆಯಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಸಸ್ಯಜನ್ಯ ಎಣ್ಣೆ ಒಳ್ಳೆಯದು ಎಂದು ಓದಿ, ಕಿರಾಣಿ ಅಂಗಡಿಯ ಶೇಂಗಾ ಎಣ್ಣೆ ತಂದು ಹಾಕಿದೆ. ಮೊದಲ ವಾರ ಫಿನಿಷ್ ಚೆನ್ನಾಗಿ ಬಂತು. ಮೂರನೇ ವಾರ ಸಣ್ಣ ನಳಿಗೆಯೊಳಗೆ ಎಣ್ಣೆ ಗೋಂದಿನಂತೆ ಗಟ್ಟಿಯಾಗಿ, ನಾಝಲ್ ಕಟ್ಟಿಕೊಂಡು, ಟೂಲಿಗೆ ಬರೀ ಗಾಳಿ ಹೋಗಿ ಒಂದು ಬ್ಯಾಚ್ ಅಲ್ಯೂಮಿನಿಯಂ ಬಿಡಿಭಾಗ ಕೆಟ್ಟಿತು. ತೆಂಗು, ಹೊಂಗೆ ಎಣ್ಣೆಗಳನ್ನು ನಮ್ಮ ದೇಶದ ಸಂಶೋಧಕರು ಕತ್ತರಿಸುವ ಎಣ್ಣೆಯಾಗಿ ಪರೀಕ್ಷಿಸಿದ್ದಾರೆ, ಜಾರಿಕೆಯ ಗುಣ ಅವುಗಳಲ್ಲಿ ನಿಜಕ್ಕೂ ಇದೆ. ಆದರೆ ಗಾಳಿ ತಾಗಿ ಕೆಡುವ ಗುಣವೂ ಇದೆ. ಎಂಕ್ಯೂಎಲ್‌ಗೆಂದೇ ಮಾಡಿದ ಎಸ್ಟರ್ ಎಣ್ಣೆ ಅದೇ ಸಸ್ಯಮೂಲದಿಂದ ಬಂದಿದ್ದರೂ ಬೇಗ ಗಟ್ಟಿಯಾಗುವುದಿಲ್ಲ, ಬೇಗ ಹೊತ್ತಿಕೊಳ್ಳುವುದೂ ಇಲ್ಲ. ಇಲ್ಲಿ ದುಡ್ಡು ಉಳಿಸಬೇಡಿ.

ಉಪಕರಣದಲ್ಲಿ ಎರಡು ಬಗೆ. ಹೊರಗಿನಿಂದ ನಾಝಲ್ ಹಚ್ಚುವುದು ಅಗ್ಗ, ಯಾವ ಮಷಿನ್ನಿಗೂ ಕೂರಿಸಬಹುದು. ಆದರೆ ಟೂಲಿನ ಉದ್ದ ಬದಲಾದಂತೆ ನಾಝಲಿನ ಗುರಿ ತಪ್ಪುತ್ತದೆ, ತೂತಿನ ಆಳ ವ್ಯಾಸದ ಮೂರು ಪಟ್ಟು ದಾಟಿದರೆ ಎಣ್ಣೆ ತಳಕ್ಕೆ ಮುಟ್ಟುವುದು ಕಷ್ಟ. ಟೂಲಿನೊಳಗಿಂದ ಕಳಿಸುವ ಬಗೆ ಆ ತೊಂದರೆ ನೀಗಿಸುತ್ತದೆ, ಆದರೆ ಲಕ್ಷಗಳ ಲೆಕ್ಕ, ಸ್ಪಿಂಡಲ್ ಅದಕ್ಕೆ ಒಗ್ಗಬೇಕು. ಅದರಲ್ಲೂ ಮಂಜನ್ನು ಮೊದಲೇ ಬೆರೆಸಿ ಒಂದೇ ನಳಿಗೆಯಲ್ಲಿ ಕಳಿಸಿದರೆ ಸ್ಪಿಂಡಲ್ ಜೋರಾಗಿ ತಿರುಗುವಾಗ ಎಣ್ಣೆ ಗೋಡೆಗೆ ಅಂಟಿಕೊಳ್ಳುತ್ತದೆ. ಗಾಳಿಯನ್ನೂ ಎಣ್ಣೆಯನ್ನೂ ಬೇರೆ ಬೇರೆ ನಳಿಗೆಯಲ್ಲಿ ತಂದು ಟೂಲಿನ ಹತ್ತಿರ ಬೆರೆಸುವ ಎರಡು ನಳಿಗೆಯ ವ್ಯವಸ್ಥೆ ಹೆಚ್ಚಿನ ವೇಗಕ್ಕೆ ಮೇಲು. ಫೋರ್ಡ್ ಕಂಪನಿ ತನ್ನ ಎಂಜಿನ್, ಗೇರ್‌ಬಾಕ್ಸ್ ಬಿಡಿಭಾಗಗಳ ದೊಡ್ಡ ಸಾಲುಗಳಲ್ಲೇ ಎಂಕ್ಯೂಎಲ್ ಬಳಸಿದೆ. ಆದ್ದರಿಂದ "ಇದು ಪ್ರಯೋಗಶಾಲೆಯ ಮಾತು" ಎಂದು ತಳ್ಳಿಹಾಕುವಂತಿಲ್ಲ.

ನಾಝಲ್ ಸರಿಯಾಗಿ ಊದುತ್ತಿದೆಯೇ ಎಂದು ನೋಡಲು ಮಷಿನ್ ನಿಲ್ಲಿಸಿ, ಟೂಲಿನ ಮುಂದೆ ಬಿಳಿ ಕಾಗದ ಹಿಡಿದು ಐದು ಸೆಕೆಂಡ್ ಊದಿಸಿ. ಮಧ್ಯದಲ್ಲಿ ಎಣ್ಣೆಯ ಸಮನಾದ ಮಸುಕು ಕಲೆ ಬರಬೇಕು. ದಪ್ಪ ಹನಿಗಳು ಚೆಲ್ಲಾಪಿಲ್ಲಿಯಾಗಿದ್ದರೆ ಗಾಳಿ ಸಾಲದು. ಏನೂ ಕಾಣದಿದ್ದರೆ ಎಣ್ಣೆ ಬರುತ್ತಿಲ್ಲ. ಆಪರೇಟರಿಗೆ ಕಿವಿಯಲ್ಲಿ ಗಾಳಿಯ ಸದ್ದು ಕೇಳುತ್ತಲೇ ಇರುವುದರಿಂದ ಎಣ್ಣೆ ಮುಗಿದದ್ದು ಗೊತ್ತೇ ಆಗುವುದಿಲ್ಲ. ಈ ಕಾಗದದ ಪರೀಕ್ಷೆ ಪ್ರತಿ ಶಿಫ್ಟಿನ ಆರಂಭದಲ್ಲಿ ಆಗಲೇಬೇಕು. ಮಂಜು ಇಲ್ಲೂ ಇರುತ್ತದೆ, ಕಡಿಮೆ ಎಣ್ಣೆ ಎಂದ ಮಾತ್ರಕ್ಕೆ ಉಸಿರಿಗೆ ಒಳ್ಳೆಯದೆಂದಲ್ಲ. ಬಾಗಿಲು ಮುಚ್ಚಿರಬೇಕು, ಎಕ್ಸಾಸ್ಟ್ ಬೇಕು.

ಉಳಿದವು

ದ್ರವ ಸಾರಜನಕ (ಮೈನಸ್ 196 ಡಿಗ್ರಿ) ಮತ್ತು ಇಂಗಾಲದ ಡೈಆಕ್ಸೈಡ್ ಬಳಸುವ ವ್ಯವಸ್ಥೆಗಳ ಬಗ್ಗೆಯೂ ಕೇಳುತ್ತಾರೆ. ಟೈಟೇನಿಯಂ ಮಿಶ್ರಲೋಹ ಶಾಖವನ್ನು ಸಾಗಿಸುವ ಶಕ್ತಿ ಸಾಮಾನ್ಯ ಉಕ್ಕಿನ ಏಳನೇ ಒಂದು ಭಾಗದಷ್ಟು, ಹಾಗಾಗಿ ಬಿಸಿಯೆಲ್ಲ ಟೂಲಿನ ತುದಿಯಲ್ಲೇ ಕೂರುತ್ತದೆ. ವಿಮಾನ, ರಕ್ಷಣಾ ವಲಯದ ಅಂಥ ಜಾಬ್ ವರ್ಷವಿಡೀ ಇದ್ದವರಿಗೆ ಮಾತ್ರ ಇದು ಯೋಚಿಸುವ ವಿಷಯ. ಒಂದು ಲೀಟರ್ ದ್ರವ ಸಾರಜನಕ ಅನಿಲವಾದರೆ ಸುಮಾರು 700 ಲೀಟರ್ ಆಗುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಅದು ಆಮ್ಲಜನಕವನ್ನು ಹೊರದೂಡಿ ಮನುಷ್ಯನನ್ನು ಸದ್ದಿಲ್ಲದೆ ಬೀಳಿಸಬಲ್ಲದು. ಅಪರೂಪಕ್ಕೆ ಟೈಟೇನಿಯಂ ಅಥವಾ ಸ್ಟೇನ್‌ಲೆಸ್ ಬರುವವರಿಗೆ 70 ಬಾರ್ ಒತ್ತಡದ ಕೂಲಂಟ್ ಹೆಚ್ಚು ವಾಸ್ತವದ ದಾರಿ. ಅದು ಕೂಲಂಟ್ ಕಡಿಮೆ ಮಾಡುವುದಿಲ್ಲ, ಆದರೆ ಉದ್ದ ಚಿಪ್ಸನ್ನು ತುಂಡರಿಸಿ ಟೂಲಿನ ಬಾಳಿಕೆ ಹೆಚ್ಚಿಸುತ್ತದೆ. ಮೆಗ್ನೀಸಿಯಂ ಕೆಲಸ ಬಂದರೆ ಈ ಲೇಖನ ನಂಬಿ ಏನನ್ನೂ ಮಾಡಬೇಡಿ. ಅದರ ಚಿಪ್ಸ್ ಹೊತ್ತಿಕೊಳ್ಳುತ್ತದೆ, ನೀರು ಹಾಕಿದರೆ ಬೆಂಕಿ ಇನ್ನೂ ಹೆಚ್ಚುತ್ತದೆ, ಅದಕ್ಕೆ ಪ್ರತ್ಯೇಕ ತರಬೇತಿ ಬೇಕು.

ಯಾರಿಗೆ ಯಾವುದು

ಬಾಡಿಗೆ ಶೆಡ್ಡಿನಲ್ಲಿ ಎರಡು ಸಿಎನ್‌ಸಿ, ದಿನಕ್ಕೊಂದು ಬಗೆಯ ಜಾಬ್ ವರ್ಕ್, ಕೈಯಲ್ಲಿ ದುಡ್ಡಿಲ್ಲ ಎನ್ನುವವರು ಮೊದಲ ದಾರಿ ಹಿಡಿಯಿರಿ. ರಿಫ್ರಾಕ್ಟೋಮೀಟರ್, ಸ್ಕಿಮ್ಮರ್, ಚಿಪ್ಸ್ ಸೋರಿಹೋಗಲು ಇಳಿಜಾರಿನ ಜಾಲರಿ ತಟ್ಟೆ. ವರ್ಷಕ್ಕೆ ನಾಲ್ಕು ಸಲ ಟ್ಯಾಂಕ್ ಬದಲಿಸುತ್ತಿದ್ದವರು ಎರಡಕ್ಕೆ ಇಳಿದರೂ ವಿಲೇವಾರಿ ಅರ್ಧವಾಗುತ್ತದೆ. ಅದೇ ಮಷಿನ್ನಿಗೆ ಬೀಡು ಬಂದ ದಿನ ಕೂಲಂಟ್ ವಾಲ್ವ್ ಮುಚ್ಚಿ.

ಬ್ರೇಕ್ ಡ್ರಮ್ಮು, ಹೌಸಿಂಗ್, ಫ್ಲೈವೀಲ್ ಹೀಗೆ ಬೀಡೇ ಮುಕ್ಕಾಲು ಪಾಲು ಇರುವವರು ಡ್ರೈಗೆ ಹೋಗಿ, ಉಳಿಸಿದ ದುಡ್ಡನ್ನು ಧೂಳೆಳೆಯುವ ಯಂತ್ರಕ್ಕೆ ಹಾಕಿ. ಬೋರ್ ಫಿನಿಷಿಂಗ್ ಅಳತೆಯನ್ನು ಜಾಬ್ ತಣ್ಣಗಾದ ಮೇಲೆಯೇ ತೆಗೆದುಕೊಳ್ಳಿ.

ಚಾಕಣದ ವಾಹನ ಕಂಪನಿಗಳಿಗೆ ಒಂದೇ ಅಲ್ಯೂಮಿನಿಯಂ ಬಿಡಿಭಾಗವನ್ನು ತಿಂಗಳುಗಟ್ಟಲೆ ಮಾಡುವ ವಿಎಂಸಿ (ಸ್ಪಿಂಡಲ್ ನೆಟ್ಟಗಿರುವ ಸಿಎನ್‌ಸಿ ಮಿಲ್ಲಿಂಗ್ ಮಷಿನ್) ಮಾಲೀಕರಿಗೆ ಎಂಕ್ಯೂಎಲ್ ಬಹಳ ಹೊಂದುತ್ತದೆ. ಜಾಬ್ ಬದಲಾಗದಿದ್ದರೆ ನಾಝಲಿನ ಗುರಿಯೂ ಬದಲಾಗುವುದಿಲ್ಲ. ಮೊದಲು ಹೊರಗಿನ ನಾಝಲ್ ಇರುವ ಒಳ್ಳೆಯ ಯುನಿಟ್ ಒಂದು ಮಷಿನ್ನಿಗೆ ಹಾಕಿ. ಟೂಲಿನಲ್ಲಿ ನಯವಾದ ಫ್ಲೂಟ್ (ಚಿಪ್ಸ್ ಹೊರಬರುವ ಕಾಲುವೆ) ಇರಲಿ, ಟೈಟೇನಿಯಂ ಅಲ್ಯೂಮಿನಿಯಂ ನೈಟ್ರೈಡ್ ಕೋಟಿಂಗ್ ಮಾತ್ರ ಇಲ್ಲಿ ಬೇಡ, ಅಲ್ಯೂಮಿನಿಯಂ ಅದಕ್ಕೆ ಮೆತ್ತಿಕೊಳ್ಳುತ್ತದೆ. ಡೈಮಂಡ್ ಬಗೆಯ ಕಾರ್ಬನ್ ಕೋಟಿಂಗ್ ಅಥವಾ ಕೋಟಿಂಗ್ ಇಲ್ಲದ ಕಾರ್ಬೈಡ್ ಹಾಕಿ.

ಸ್ಟೇನ್‌ಲೆಸ್ ವಾಲ್ವ್, ಆಳದ ತೂತು, ಗ್ರೈಂಡಿಂಗ್ ಇವೇ ಹೊಟ್ಟೆಪಾಡಾಗಿರುವವರು ಫ್ಲಡ್ ಬಿಡಬೇಕೆಂಬ ತಪ್ಪಿತಸ್ಥ ಭಾವನೆ ಇಟ್ಟುಕೊಳ್ಳಬೇಡಿ. ನಿಮಗೆ ಬೇಕಾದದ್ದು ಆ ಕೂಲಂಟನ್ನು ವರ್ಷವಿಡೀ ಬಾಳಿಸುವ ಶಿಸ್ತು.

ಯಾವ ದಾರಿ ಹಿಡಿದರೂ ಪೂರ್ತಿ ಬದಲಿಸುವ ಮೊದಲು ಒಂದೇ ಮಷಿನ್, ಒಂದೇ ಜಾಬ್, ಎರಡು ವಾರ ಪರೀಕ್ಷೆ ಮಾಡಿ. ಮೊದಲ ವಾರ ಈಗಿನಂತೆಯೇ ಓಡಿಸಿ, ಎರಡನೇ ವಾರ ಹೊಸ ರೀತಿಯಲ್ಲಿ. ವೇಗ, ಫೀಡ್, ಇನ್ಸರ್ಟಿನ ಗ್ರೇಡ್ ಮೂರೂ ಒಂದೇ ಇರಲಿ. ನಾವು ಎರಡು ಸಣ್ಣ ಡಬ್ಬಿ ಇಟ್ಟಿದ್ದೆವು, ಹಳೆಯ ರೀತಿಯ ವಾರಕ್ಕೆ ನೀಲಿ ಟೇಪ್, ಹೊಸ ರೀತಿಯ ವಾರಕ್ಕೆ ಬಿಳಿ. ಬಳಸಿ ಬಿಟ್ಟ ಪ್ರತಿ ಇನ್ಸರ್ಟ್ ಆಯಾ ಡಬ್ಬಿಗೆ, ಅದು ಎಷ್ಟು ಪೀಸ್ ಮಾಡಿತು ಎಂಬ ಚೀಟಿಯ ಜತೆಗೆ. ಎರಡನೇ ವಾರದ ಬುಧವಾರ ಸಂಜೆ ಮಷಿನ್ ನಿಲ್ಲಿಸಿ, ಎರಡೂ ಡಬ್ಬಿಗಳನ್ನು ಮೇಜಿನ ಮೇಲೆ ಸುರಿದು, ಮಸೂರ ಹಿಡಿದು ಆಪರೇಟರ್ ಜತೆಗೇ ಕೂತು ನೋಡಿದೆವು. ಬಿಳಿ ಟೇಪಿನ ಡಬ್ಬಿಯಲ್ಲಿ ಚೀಟಿಗಳು ಕಡಿಮೆ ಇದ್ದವು, ಪ್ರತಿ ಚೀಟಿಯ ಸಂಖ್ಯೆ ದೊಡ್ಡದಿತ್ತು.